ಹದಿನೆಂಟು ದಾಟಿದವರಿಗೆ ಯಾವ ವಾರ್ಡು?

ಕ್ಯಾನ್ಸರ್ ಅಂದರೆ ವಯಸ್ಸಾದವರ ಕಾಯಿಲೆ ಎಂದೇ ನಮ್ಮ ಲೆಕ್ಕ. ಇಲ್ಲವೇ ಜಾಹೀರಾತಿನಲ್ಲಿ ಕಾಣುವ, ಕೂದಲು ಉದುರಿದ ಪುಟ್ಟ ಮಗುವಿನದು. ಡಿಗ್ರಿ ಓದುವವರು, ಪೀಣ್ಯದ ಕಾರ್ಖಾನೆಗಳಿಗೆ ಅಪ್ರೆಂಟಿಸ್ ಆಗಿ ಹೋಗುವವರು, ಕೆಪಿಎಸ್‌ಸಿಗೆ ಓದುತ್ತಾ ಕೂತವರು ಎರಡೂ ಲೆಕ್ಕದಲ್ಲಿ ಇಲ್ಲ. ವೈದ್ಯರೂ 15ರಿಂದ 39 ವರ್ಷದವರನ್ನು ಬೇರೆಯೇ ಗುಂಪಾಗಿ ನೋಡಲು ಶುರು ಮಾಡಿದ್ದು ಈಚೆಗೆ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ವಾರ್ಡ್ ತೆರೆದದ್ದು 1990ರಲ್ಲಿ.

ವಾರ್ಡ್ ಯಾವುದಾದರೇನು, ಔಷಧಿ ಒಂದೇ ಅಲ್ಲವೇ ಅನ್ನಿಸಬಹುದು. ಹಾಗಲ್ಲ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್ ಬಂದ 16ರಿಂದ 20 ವರ್ಷದವರನ್ನು ಹೋಲಿಸಿದ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮಕ್ಕಳ ವೈದ್ಯರ ಪದ್ಧತಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಏಳು ವರ್ಷದ ನಂತರ ಶೇ 67ರಷ್ಟು ಮಂದಿ ಬದುಕಿದ್ದರು. ದೊಡ್ಡವರ ಪದ್ಧತಿಯಲ್ಲಿ ಶೇ 46ರಷ್ಟು. ಔಷಧಿಗಳು ಬಹುಪಾಲು ಅವೇ. ಡೋಸ್ ಮತ್ತು ಕೊಟ್ಟ ಕ್ರಮ ಬೇರೆಯಾಗಿತ್ತು.

ಅಪರೂಪದ ಕ್ಯಾನ್ಸರ್ ಆದರೆ ಇನ್ನೂ ಕಷ್ಟ. ಒಬ್ಬ ಡಾಕ್ಟರು ಇಡೀ ವೃತ್ತಿಯಲ್ಲಿ ಒಂದೆರಡು ಕೇಸು ನೋಡಿದ್ದರೆ ಹೆಚ್ಚು. ಹಾಗಾಗಿಯೇ ಮಕ್ಕಳು ಮತ್ತು ಯುವಜನರಲ್ಲಿ ಕಾಣುವ ‘ಜಿಸ್ಟ್’ ಎಂಬ ಜಠರದ ಗಡ್ಡೆಗೆ ಅಮೆರಿಕದ ಎನ್‌ಐಎಚ್ ಸಂಸ್ಥೆ 2008ರಲ್ಲಿ ವಿಶೇಷ ಕ್ಲಿನಿಕ್ ತೆರೆಯಿತು. ಚದುರಿಹೋಗಿದ್ದ ರೋಗಿಗಳೂ ಬೇರೆ ಬೇರೆ ವಿಷಯದ ತಜ್ಞರೂ ಒಂದೇ ಕಡೆ ಸೇರಿದರು. ಹೀಗೆ ಸಿಕ್ಕ 95 ಮಂದಿಯ ಗಡ್ಡೆಗಳನ್ನು ಪರೀಕ್ಷಿಸಿದಾಗ 84 ಮಂದಿಯಲ್ಲಿ ಎಸ್‌ಡಿಎಚ್ ಎಂಬ ಕಿಣ್ವದ ಕೊರತೆ ಇತ್ತು ಎಂದು 2016ರಲ್ಲಿ ವರದಿಯಾಯಿತು. ದೊಡ್ಡವರ ಜಿಸ್ಟ್‌ಗೆ ಚೆನ್ನಾಗಿ ಕೆಲಸ ಮಾಡುವ ಇಮ್ಯಾಟಿನಿಬ್ ಮಾತ್ರೆ ಇಂಥವರಿಗೆ ಸಾಮಾನ್ಯವಾಗಿ ನಾಟುವುದಿಲ್ಲ.

ನಮ್ಮೂರಿನ ಮಾತಿಗೆ ಬರೋಣ. ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿದು ಆಟೊ ಹಿಡಿದರೆ ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಸಿಗುತ್ತದೆ. 1973ರಲ್ಲಿ ಆರಂಭವಾದ ಈ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಜನ ಬರುವುದರಿಂದ, ಅಪರೂಪದ್ದೂ ಅಲ್ಲಿ ಅಷ್ಟೊಂದು ಅಪರೂಪವಲ್ಲ. ಹದಿಹರೆಯದಲ್ಲಿ ಬರುವ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಮಂಡಿಯ ಆಸುಪಾಸಿನಲ್ಲೇ ಶುರುವಾಗುತ್ತದೆ. ನಾವೋ, ಕ್ರಿಕೆಟ್ ಆಡುವಾಗ ಬಿದ್ದ ಪೆಟ್ಟು ಎಂದು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತೇವೆ. ಮಂಡಿನೋವೆಲ್ಲ ಕ್ಯಾನ್ಸರ್ ಅಲ್ಲ, ಬಹುತೇಕ ಅಲ್ಲವೇ ಅಲ್ಲ. ಆದರೆ ರಾತ್ರಿ ನಿದ್ದೆಗೆಡಿಸುವ, ವಾರಗಟ್ಟಲೆ ಬಿಡದ ನೋವೋ ಬೆಳೆಯುತ್ತಿರುವ ಊತವೋ ಇದ್ದರೆ ಒಂದು ಎಕ್ಸ್‌ರೇ ತೆಗೆಸಲೇಬೇಕು. ಅನುಮಾನ ಬಂದರೆ ಎಲ್ಲೋ ಒಂದು ಕಡೆ ಗಡ್ಡೆ ಕತ್ತರಿಸಿ ತೆಗೆಸುವ ಆತುರ ಬೇಡ. ಬಯಾಪ್ಸಿಯ ಸೂಜಿ ಎಲ್ಲಿಂದ ಹೋಗಬೇಕು ಎಂಬುದನ್ನೂ ಮುಂದೆ ಆಪರೇಷನ್ ಮಾಡುವ ತಂಡವೇ ನಿರ್ಧರಿಸಬೇಕು. ಅದು ತಪ್ಪಿದರೆ ಉಳಿಸಬಹುದಾಗಿದ್ದ ಕಾಲು ಹೋಗಬಹುದು.

ಮನೆಯವರ ಮುಂದೆ ಕೇಳಲು ನಾಚಿಕೆಯಾಗುವ ಪ್ರಶ್ನೆಯೊಂದಿದೆ. ಕೆಲವು ಕೀಮೋ ಔಷಧಿಗಳಿಂದ ಮುಂದೆ ಮಕ್ಕಳಾಗದೆ ಇರಬಹುದು. ವೀರ್ಯ ಅಥವಾ ಅಂಡಾಣು ಶೇಖರಿಸಿಡುವುದಿದ್ದರೆ ಮೊದಲ ಡೋಸ್‌ಗೂ ಮುಂಚೆಯೇ ಆಗಬೇಕು. ಯುವಜನರಿಗೆಂದೇ ಇರುವ ಕ್ಲಿನಿಕ್‌ಗಳಲ್ಲಿ, ಸೆಮಿಸ್ಟರ್ ತಪ್ಪುವ, ಕೆಲಸ ಕೈಬಿಟ್ಟುಹೋಗುವ ಮಾತಿನ ಜೊತೆಗೆ ಇದನ್ನೂ ಡಾಕ್ಟರೇ ಎತ್ತುತ್ತಾರೆ. ಅಂಥ ಕ್ಲಿನಿಕ್ ಇಲ್ಲದ ಕಡೆ ನಾವೇ ಬಾಯಿಬಿಟ್ಟು ಕೇಳಬೇಕು, ಅಪ್ಪ ಅಮ್ಮನನ್ನು ಐದು ನಿಮಿಷ ಹೊರಗೆ ಕೂರಿಸಿಯಾದರೂ.