ಪುಟ್ಟ ಟ್ರೇಲರಿನೊಳಗೆ ಹುಳು ನುಗ್ಗುವ ದಾರಿಗಳು

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಇಬ್ಬರು ಮಲಗುವಷ್ಟೇ ಜಾಗವಿರುವ ಪುಟ್ಟ ಟ್ರೇಲರುಗಳು ಅಮೆರಿಕದಲ್ಲಿ 1930ರ ದಶಕದಿಂದಲೂ ಬಳಕೆಯಲ್ಲಿವೆ. ನೀರಹನಿಯ ಆಕಾರದಿಂದಾಗಿ ಇವಕ್ಕೆ ‘ಟಿಯರ್‌ಡ್ರಾಪ್’ ಎಂಬ ಹೆಸರು ಬಂದಿದೆ. ಎಂಟು-ಹತ್ತು ಅಡಿ ಉದ್ದ, ನಾಲ್ಕೈದು ಅಡಿ ಅಗಲ. ಒಳಗೆ ಹಾಸಿಗೆ, ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ಕಾಡಿನ ಅಂಚಿನಲ್ಲಿ ಇಂಥ ಪೆಟ್ಟಿಗೆಯೊಳಗೆ ಬಾಗಿಲು ಹಾಕಿಕೊಂಡು ಮಲಗಿದರೆ ಹುಳುಗಳ ಕಾಟವಿರದು ಎಂದು ಮೊದಲ ಬಾರಿ ಹೊರಟವರು ಭಾವಿಸುವುದುಂಟು. ಆ ಭ್ರಮೆ ಒಂದೇ ರಾತ್ರಿಯಲ್ಲಿ ಹರಿಯುತ್ತದೆ.

ಸೊಳ್ಳೆಯು ಮನುಷ್ಯನನ್ನು ಪತ್ತೆ ಹಚ್ಚುವುದು ಮುಖ್ಯವಾಗಿ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್, ಮೈಬಿಸಿ ಹಾಗೂ ಬೆವರಿನ ವಾಸನೆಯಿಂದ. ಇಬ್ಬರ ಉಸಿರು ತುಂಬಿದ ಪುಟ್ಟ ಕೋಣೆಯ ಬಿರುಕುಗಳಿಂದ ಹೊರಸೂಸುವ ಗಾಳಿಯೇ ಅದಕ್ಕೆ ದಾರಿ ತೋರುತ್ತದೆ. ಬಾಗಿಲಿನ ಸುತ್ತ ಸವೆದ ರಬ್ಬರ್ ಪಟ್ಟಿ, ತಂತಿ ಹಾಗೂ ಕೊಳವೆ ಹಾದುಹೋಗಲು ಕೊರೆದ ತೂತು, ಅಡುಗೆ ಕಟ್ಟೆಗೂ ಮಲಗುವ ಜಾಗಕ್ಕೂ ನಡುವಿನ ಹಲಗೆಯ ಸಂದು, ಇವೇ ಹುಳುಗಳ ಹೆದ್ದಾರಿಗಳು. ಪತ್ತೆ ಮಾಡುವ ವಿಧಾನ ಸುಲಭ. ಕತ್ತಲಾದ ಮೇಲೆ ಒಳಗೆ ದೀಪ ಹಚ್ಚಿ ಹೊರಗಿನಿಂದ ಸುತ್ತು ಹಾಕಬೇಕು. ಬೆಳಕು ಸೋರುವ ಕಡೆಯೆಲ್ಲ ಹುಳುವಿಗೂ ದಾರಿಯಿರಬಹುದು. ಅಲ್ಲಿ ಫೋಮ್ ಪಟ್ಟಿ ಅಥವಾ ಸಿಲಿಕೋನ್ ತುಂಬಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಕಿಟಕಿಯ ಜಾಲರಿ. ಅಲ್ಲಿನ ಸಾಮಾನ್ಯ ಜಾಲರಿಯಲ್ಲಿ ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16 ಎಳೆಗಳಿರುತ್ತವೆ. ಸೊಳ್ಳೆಗೆ ಇದು ಸಾಕು. ಆದರೆ ‘ನೋ-ಸೀ-ಅಮ್’ ಎಂದು ಕರೆಯುವ, ಒಂದರಿಂದ ಮೂರು ಮಿಲಿಮೀಟರ್ ಉದ್ದದ ಕಚ್ಚುವ ನುಸಿಗಳು ಇದರಲ್ಲಿ ನುಸುಳಬಲ್ಲವು. ಅವುಗಳಿಗೆ ಇನ್ನೂ ಒತ್ತಾದ ಜಾಲರಿ ಬೇಕು. ಜಾಲರಿ ಒತ್ತಾದಷ್ಟೂ ಗಾಳಿ ಕಡಿಮೆಯಾಗುತ್ತದೆ ಎಂಬುದು ಇಲ್ಲಿನ ಇಕ್ಕಟ್ಟು. ದೀಪದ ವಿಷಯದಲ್ಲಿ ಇಂಥ ತೊಡಕಿಲ್ಲ. ಬಿಳಿ-ನೀಲಿ ಬೆಳಕಿಗಿಂತ ಹಳದಿ ಬೆಳಕಿಗೆ ಹುಳುಗಳು ಕಡಿಮೆ ಮುತ್ತುತ್ತವೆ.

ಇರುವೆಗಳದು ಬೇರೆಯೇ ಲೆಕ್ಕ. ಅವು ಹಾರಿ ಬರುವುದಿಲ್ಲ, ನೆಲಕ್ಕೆ ತಾಗಿದ ವಸ್ತುಗಳ ಮೂಲಕ ಹತ್ತಿ ಬರುತ್ತವೆ. ಚಕ್ರ, ಊರುಗಾಲು, ವಿದ್ಯುತ್ ಕೇಬಲ್, ನೀರಿನ ಪೈಪು, ಇವಿಷ್ಟನ್ನು ಕಾದರೆ ಸಾಕು. ತಿಂಡಿ ಬೀರುವಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡುತ್ತಿದ್ದ ಅಜ್ಜಿಯರಿಗೆ ಈ ತತ್ತ್ವ ಹೊಸದೇನಲ್ಲ. ಆದರೆ ಊರಿನಿಂದ ಸೂಟ್‌ಕೇಸಿನಲ್ಲಿ ‘ಲಕ್ಷ್ಮಣ ರೇಖೆ’ ಬಗೆಯ ಕೀಟನಾಶಕ ಚಾಕ್ ಒಯ್ಯುವ ಅನಿವಾಸಿ ಕನ್ನಡಿಗರು ಒಂದು ಸಂಗತಿ ತಿಳಿದಿರಬೇಕು. ನೋಂದಣಿಯಾಗದ ಇಂಥ ಚಾಕ್‌ಗಳ ಮಾರಾಟ ಅಮೆರಿಕದಲ್ಲಿ ಕಾನೂನುಬಾಹಿರ. ಮಕ್ಕಳು ಬರೆಯುವ ಬಳಪವೆಂದು ಬಾಯಿಗಿಟ್ಟಾರು ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಕಳವಳ.

ಇಷ್ಟೆಲ್ಲ ಕಿರಿಕಿರಿಯ ಮಾತಾಯಿತು. ಪ್ರಾಣಕ್ಕೆ ಕುತ್ತು ಬರುವುದು ಗ್ಯಾಸ್ ಒಲೆ, ಹೀಟರು ಇರುವ ಟ್ರೇಲರುಗಳಲ್ಲಿ. ತಿಂಗಳುಗಟ್ಟಲೆ ಮನೆಯಂಗಳದಲ್ಲಿ ನಿಂತ ಟ್ರೇಲರಿನ ಹೊಗೆ ಕಿಂಡಿ ಮಣ್ಣಿನ ಗೂಡು ಕಟ್ಟುವ ಕಡಜಗಳಿಗೆ ಅಚ್ಚುಮೆಚ್ಚು. ಬರ್ನರಿನ ಸಣ್ಣ ಕೊಳವೆಗಳಲ್ಲಿ ಜೇಡ ಬಲೆ ನೇಯುತ್ತದೆ. ಗಾಳಿಯ ದಾರಿ ಕಟ್ಟಿಕೊಂಡರೆ ಅನಿಲ ಪೂರ್ತಿಯಾಗಿ ಉರಿಯುವುದಿಲ್ಲ. ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು.

ಹುಳುವೊಂದು ಇಷ್ಟು ಮಾಡೀತೇ ಎಂದು ಅನುಮಾನಪಡುವವರಿಗೆ ಉದಾಹರಣೆಗಳಿವೆ. ಪೆಟ್ರೋಲ್ ಟ್ಯಾಂಕಿಗೆ ಸೇರಿದ ಗಾಳಿಕೊಳವೆಯಲ್ಲಿ ಜೇಡ ಬಲೆ ಕಟ್ಟುತ್ತಿದ್ದುದರಿಂದ ಮಜ್ದಾ ಕಂಪನಿ 2011ರಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 65 ಸಾವಿರ ಕಾರುಗಳನ್ನು ದುರಸ್ತಿಗೆ ವಾಪಸು ಕರೆಸಿಕೊಂಡಿತು. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಹಲವು ದಿನ ನಿಂತೇ ಇದ್ದ ಆ ವಿಮಾನದ ವೇಗ ಅಳೆಯುವ ಕೊಳವೆಯಲ್ಲಿ ಕಡಜವೊಂದು ಗೂಡು ಕಟ್ಟಿತ್ತೆಂಬುದು ತನಿಖಾಧಿಕಾರಿಗಳ ಬಲವಾದ ಶಂಕೆ.

ಹಾಗೆಂದು ಹೊಗೆ ಕಿಂಡಿಗೆ ಸಿಕ್ಕ ಜಾಲರಿ ಬಿಗಿಯುವುದೂ ತಪ್ಪು. ಮಾರುಕಟ್ಟೆಯಲ್ಲಿ ಇದಕ್ಕೆಂದೇ ಲೋಹದ ಜಾಲರಿಗಳು ಸಿಗುತ್ತವಾದರೂ, ಹೊಗೆ ಸರಾಗವಾಗಿ ಹೊರಹೋಗದು ಎಂಬ ಕಾರಣಕ್ಕೆ ಕೆಲವು ಹೀಟರ್ ತಯಾರಕರು ಅವನ್ನು ಹಾಕಕೂಡದೆಂದೇ ಸೂಚಿಸುತ್ತಾರೆ. ಕೈಪಿಡಿ ಓದುವುದು, ಋತುವಿನ ಮೊದಲ ಪ್ರವಾಸಕ್ಕೆ ಮುನ್ನ ಕಿಂಡಿಗೆ ಟಾರ್ಚ್ ಹಾಕಿ ನೋಡುವುದು, ಒಳಗೆ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಅಳವಡಿಸುವುದು, ಈ ಮೂರೂ ಅಗತ್ಯ. ಮುಚ್ಚಿದ ಟ್ರೇಲರಿನೊಳಗೆ ಸೊಳ್ಳೆಬತ್ತಿ ಹಚ್ಚಿ ಮಲಗುವ ಸಾಹಸವನ್ನಂತೂ ಮಾಡಲೇಬಾರದು. ಎಲ್ಲ ಸಂದುಗಳನ್ನು ಮುಚ್ಚಿದ ಮೇಲೂ ಛಾವಣಿಯ ಗಾಳಿಕಿಂಡಿ ಜಾಲರಿಯೊಂದಿಗೆ ತೆರೆದೇ ಇರಬೇಕು.

ಕಿಂಡಿ ಮುಚ್ಚಿ ತಡೆಯಲಾಗದ ಅತಿಥಿಯೆಂದರೆ ಉಣುಗು. ಅದು ಬರುವುದು ಬಟ್ಟೆ ಮತ್ತು ನಾಯಿಯ ಮೈಮೇಲೆ. ಅಮೆರಿಕದಲ್ಲಿ ಲೈಮ್ ರೋಗ ಹರಡುವುದು ಇದೇ ಬಳಗದ ಜೀವಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವಾಹಕವೂ ಉಣುಗೇ. ಹೀಗಾಗಿ ಮಲೆನಾಡಿನಲ್ಲಿ ಕ್ಯಾರವಾನ್ ನಿಲ್ಲಿಸಿ ತಂಗುವವರಿಗೂ ಈ ಎಚ್ಚರ ಬೇಕು. ಕಾಡು ಸುತ್ತಿ ಬಂದವರು ಬೂಟು, ಮೇಲಂಗಿಗಳನ್ನು ಹೊರಗೇ ಬಿಚ್ಚಿ ಕೊಡವಿ, ಮೊಣಕಾಲ ಹಿಂಭಾಗ, ಕಂಕುಳು, ತಲೆಗೂದಲು ನೋಡಿಕೊಂಡೇ ಒಳಗೆ ಕಾಲಿಡುವುದು ಕ್ಷೇಮ.