ಇಳಕಲ್ಲಿನ ಕಲ್ಲುಧೂಳು, ಇಲಿಯ ಪುಪ್ಪುಸ

ಹೆಂಗಸರಿಗೆ ಇಳಕಲ್ ಎಂದರೆ ಸೀರೆ. ಮನೆ ಕಟ್ಟಿಸುವವರಿಗೆ, ಕಲ್ಲಿನ ವ್ಯಾಪಾರದವರಿಗೆ ಇಳಕಲ್ ಎಂದರೆ ಕೆಂಪು ಛಾಯೆಯ ಗ್ರಾನೈಟ್. ಅದೇ ಸೀಮೆಯಲ್ಲಿ, ಹುನಗುಂದ ತಾಲ್ಲೂಕಿನ ರಾಮಥಾಳದ ಸುತ್ತ ಎರೆಹೊಲಗಳಿವೆ. ಹನಿ ನೀರಾವರಿ ಯೋಜನೆಯಿಂದ ಆ ಊರಿನ ಹೆಸರು ದೂರದವರೆಗೂ ಹೋಗಿದೆ. ಬೇಸಿಗೆಯಲ್ಲಿ ಎರಡೂ ಕಡೆ ಧೂಳು ಏಳುತ್ತದೆ. ಹೊಲದಲ್ಲಿ ಹರಗುವವನ ಮೈಮೇಲೂ ಧೂಳು, ಕ್ವಾರಿಯಲ್ಲಿ ಜಾಕ್ ಹ್ಯಾಮರ್ ಹಿಡಿದವನ ಮೈಮೇಲೂ ಧೂಳು. ಆದರೆ ಶ್ವಾಸಕೋಶದ ಮಟ್ಟಿಗೆ ಈ ಎರಡು ಒಂದೇ ಅಲ್ಲ. ಹೀಗೆಂದು ತಿಳಿಯಲು ಕೆಲಸಗಾರರ ಎಕ್ಸ್‌ರೇಗಳ ಜೊತೆಗೆ ಪ್ರಯೋಗಾಲಯದ ಇಲಿಗಳೂ ಬೇಕಾದವು.

ಗ್ರಾನೈಟಿನ ಒಂದು ಮುಖ್ಯ ಅಂಶ ಸ್ಫಟಿಕ ಶಿಲೆ, ಅಂದರೆ ಕ್ವಾರ್ಟ್ಜ್. ಭೂವಿಜ್ಞಾನಿಗಳ ವರ್ಗೀಕರಣದ ಪ್ರಕಾರ, ಕಲ್ಲಿನ ತಿಳಿಬಣ್ಣದ ಖನಿಜಗಳಲ್ಲಿ ಶೇ. 20ರಿಂದ 60ರಷ್ಟು ಕ್ವಾರ್ಟ್ಜ್ ಇದ್ದರಷ್ಟೇ ಅದು ಗ್ರಾನೈಟ್. ಕಲ್ಲನ್ನು ಒಣದಾಗಿಯೇ ಕೊರೆದಾಗ, ಕೊಯ್ದಾಗ, ಪಾಲಿಶ್ ಹೊಡೆದಾಗ ಇದು ಪುಡಿಯಾಗಿ ಹಾರುತ್ತದೆ. ಹುಬ್ಬು, ಮೀಸೆ ಬೆಳ್ಳಗಾಗಿಸುವ ಧೂಳಿಗೆ ಅಷ್ಟು ಹೆದರಬೇಕಿಲ್ಲ. ಅದರ ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕೂದಲೆಳೆಯ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಚಿಕ್ಕದಾಗಿ, ಕಣ್ಣಿಗೆ ಬೀಳದೆ ತೇಲುವ ಕಣವೇ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುವುದು. ಅಲ್ಲಿ ಕೂತು ವರ್ಷಗಟ್ಟಲೆ ಗಾಯ ಮಾಡಿ, ಗಾಯದ ಜಾಗವನ್ನು ಗಟ್ಟಿ ನಾರಾಗಿಸುವ ಕಾಯಿಲೆ ಸಿಲಿಕೋಸಿಸ್. ಕರ್ನಾಟಕಕ್ಕೆ ಇದು ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರನ್ನು ಸಾವಿರಗಟ್ಟಲೆ ಪರೀಕ್ಷಿಸಿ ಈ ರೋಗ ದಾಖಲಿಸಿದ್ದು 1940ರ ದಶಕದಲ್ಲಿ. ಕೆಮ್ಮು, ಉಬ್ಬಸ, ಸೊರಗಿದ ಮೈ ನೋಡಿ ಇದನ್ನು ಟಿ.ಬಿ. ಎಂದುಕೊಂಡು ತಿಂಗಳುಗಟ್ಟಲೆ ಗುಳಿಗೆ ನುಂಗಿಸುವುದು ದೇಶದ ಕಲ್ಲುಗಣಿ ಪ್ರದೇಶಗಳಲ್ಲೆಲ್ಲ ಕೇಳಿಬರುವ ಮಾತು.

ಸಿಲಿಕೋಸಿಸ್ ಸರಿ, ಈ ಧೂಳು ಕ್ಯಾನ್ಸರನ್ನೂ ತರುತ್ತದೆಯೇ? ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಲೆಕ್ಕ ಹಾಕಿದಾಗ ಪ್ರಾಣಿಗಳಲ್ಲಿ ಸಾಕ್ಷ್ಯ ಸಾಕಷ್ಟಿತ್ತು, ಮನುಷ್ಯರಲ್ಲಿ ಇನ್ನೂ ಅರೆಬರೆ. ಬೀಡಿ ಸಿಗರೇಟು ಸೇದುವ ಕಾರ್ಮಿಕನಿಗೆ ಕ್ಯಾನ್ಸರ್ ಬಂದರೆ ತಪ್ಪು ಧೂಳಿನದೋ ಹೊಗೆಯದೋ ಎಂದು ಬಿಡಿಸಿ ಹೇಳುವುದು ಕಷ್ಟ. ಇಲಿ ಬೀಡಿ ಸೇದುವುದಿಲ್ಲ. ಹತ್ತು ವರ್ಷ ಕಳೆದು, 1997ರಲ್ಲಿ, ಕೆಲಸದ ಜಾಗದಲ್ಲಿ ಉಸಿರಿನೊಂದಿಗೆ ಒಳಹೋಗುವ ಸ್ಫಟಿಕ ಸಿಲಿಕಾವನ್ನು (ಕ್ವಾರ್ಟ್ಜ್ ಅದರದೇ ಒಂದು ರೂಪ) ಆ ಸಂಸ್ಥೆ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವವುಗಳ ಸಾಲಿಗೆ ಸೇರಿಸಿತು. ಇಲಿ ಹೇಳಿದ್ದನ್ನು ಮನುಷ್ಯರ ಅಂಕಿಅಂಶ ಒಪ್ಪಲು ಒಂದು ದಶಕ ಹಿಡಿಯಿತು.

ಹಾಗೆಂದು ಪ್ರಾಣಿಗಳೆಲ್ಲ ಒಂದೇ ಮಾತು ಹೇಳಲಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಉಂಬೆರ್ಟೊ ಸಫಿಯೊಟ್ಟಿ ಕ್ವಾರ್ಟ್ಜ್ ಪುಡಿಗೆ ಮೂರು ಜಾತಿಯ ಪ್ರಾಣಿಗಳು ಹೇಗೆ ಸ್ಪಂದಿಸುತ್ತವೆ ಎಂದು ಹೋಲಿಸಿ ನೋಡಿದರು. ದೊಡ್ಡ ಇಲಿಯ ಶ್ವಾಸಕೋಶದಲ್ಲಿ ನಾರು ಬೆಳೆಯಿತು, ಅದರ ಅಂಚಿನ ಜೀವಕೋಶಗಳು ಅತಿಯಾಗಿ ಹೆಚ್ಚಿದವು, ಕಡೆಗೆ ಕ್ಯಾನ್ಸರ್ ಬಂತು. ಚಿಟ್ಟಿಲಿಯಲ್ಲಿ ಸಣ್ಣಪುಟ್ಟ ಗಂಟುಗಳಾದವು, ಕ್ಯಾನ್ಸರ್ ಮುಂದುವರಿಯಲಿಲ್ಲ. ಹ್ಯಾಮ್‌ಸ್ಟರ್ ಮಾತ್ರ ಪುಡಿಯನ್ನು ಒಳಗೇ ಕೂಡಿಟ್ಟುಕೊಂಡು ಸುಮ್ಮನಿತ್ತು. ನಾರೂ ಇಲ್ಲ, ಗಡ್ಡೆಯೂ ಇಲ್ಲ. ಯಾರನ್ನು ನಂಬಬೇಕು? ಸಂಶೋಧಕರು ಬಹುಮತ ಎಣಿಸುತ್ತ ಕೂರಲಿಲ್ಲ. ಧೂಳು ಬಿದ್ದಾಗ ಯಾವ ಪ್ರಾಣಿಯ ಶ್ವಾಸಕೋಶ ಮನುಷ್ಯನದರಂತೆ ನಾರುಗಟ್ಟುತ್ತದೋ ಅದರ ಮಾತಿಗೆ ಹೆಚ್ಚು ಬೆಲೆ ಕೊಟ್ಟರು. ಸಿಗರೇಟಿನ ಹೊಗೆಯ ವಿಷಯದಲ್ಲಿ ಇದರ ಉಲ್ಟಾ ಆಗಿತ್ತು. ಹೊಗೆ ಕುಡಿಸಿದ ಇಲಿಗಳಿಗೆ ದಶಕಗಟ್ಟಲೆ ಸರಿಯಾಗಿ ಶ್ವಾಸಕೋಶದ ಗಡ್ಡೆ ಬರಿಸಲಾಗಲಿಲ್ಲ. ತಂಬಾಕು ಕಂಪನಿಗಳಿಗೆ ಅದೇ ಒಳ್ಳೆಯ ನೆಪವಾಯಿತು. 1997ರಲ್ಲಿ ಕ್ಯಾಲಿಫೋರ್ನಿಯಾದ ಹಾನ್ಸ್‌ಪೀಟರ್ ವಿಟ್ಶಿ ಚಿಟ್ಟಿಲಿಗಳಿಗೆ ಐದು ತಿಂಗಳು ಹೊಗೆ, ಆಮೇಲೆ ನಾಲ್ಕು ತಿಂಗಳು ಶುದ್ಧ ಗಾಳಿ ಕೊಟ್ಟು ನೋಡಿದಾಗ ಗಡ್ಡೆಗಳು ಕಾಣಿಸಿದವು. ಅಲ್ಲಿಯವರೆಗೆ ಪ್ರಾಣಿ ಸುಳ್ಳು ಹೇಳಿರಲಿಲ್ಲ, ಕೇಳುವ ಕ್ರಮ ಸರಿಯಿರಲಿಲ್ಲ.

ಇಷ್ಟೆಲ್ಲ ಪಾಡು ಏಕೆಂದರೆ, ಶ್ವಾಸಕೋಶದ ಕ್ಯಾನ್ಸರಿನ ಮೊದಲ ಹೆಜ್ಜೆಗಳು ಮನುಷ್ಯನಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ರೋಗಿ ರಕ್ತ ಕೆಮ್ಮಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವ ಹೊತ್ತಿಗೆ ಶುರುವಾಗಿ ಎಷ್ಟೋ ವರ್ಷ ಕಳೆದಿರುತ್ತದೆ. ಚಿಟ್ಟಿಲಿಯಲ್ಲಿ ಅದೇ ಕಥೆ ತಿಂಗಳುಗಳಲ್ಲಿ ಮುಗಿಯುತ್ತದೆ. ಯುರೇಥೇನ್ ಎಂಬ ರಾಸಾಯನಿಕದಿಂದ ಚಿಟ್ಟಿಲಿಗಳ ಶ್ವಾಸಕೋಶದಲ್ಲಿ ಗಡ್ಡೆ ಬರುತ್ತದೆಂದು 1943ರಲ್ಲಿ ಗೊತ್ತಾಯಿತು. ‘ಎ’ ಎಂಬ ತಳಿಯ ಬಿಳಿ ಚಿಟ್ಟಿಲಿಗಳಿಗಂತೂ ಒಂದೇ ಚುಚ್ಚುಮದ್ದು ಸಾಕು. ಕೆಲವು ತಿಂಗಳ ನಂತರ ಶ್ವಾಸಕೋಶ ಹೊರತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ಗುಲಾಬಿ ಮೇಲ್ಮೈ ಮೇಲೆ ಒಂದು ಮಿಲಿಮೀಟರಿನಷ್ಟು ಅಗಲದ ಬಿಳಿ ಚುಕ್ಕೆಗಳು. ಸಂಶೋಧಕರು ಎಷ್ಟೋ ವರ್ಷ ಮಾಡಿದ್ದು ಈ ಚುಕ್ಕೆ ಎಣಿಸುವ ಕೆಲಸವನ್ನೇ.

2001ರಲ್ಲಿ ಅಮೆರಿಕದ ಎಂಐಟಿಯ ಟೈಲರ್ ಜಾಕ್ಸ್ ತಂಡ ಇನ್ನೂ ನಾಜೂಕಾದ ಚಿಟ್ಟಿಲಿಯನ್ನು ತಯಾರಿಸಿತು. ಮನುಷ್ಯರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಮತ್ತೆ ಮತ್ತೆ ಕೆಟ್ಟಿರುವ ಕೆ-ರಾಸ್ ಎಂಬ ಜೀನನ್ನು ಅದರೊಳಗೆ ಇಟ್ಟು, ಅದು ಕೆಲಸ ಮಾಡದಂತೆ ಒಂದು ತಡೆ ಹಾಕಿದರು. ಆಮೇಲೆ ಮೂಗಿನ ಹೊಳ್ಳೆಗೆ ಹನಿ ಬಿಟ್ಟರು. ಆ ಹನಿಯಲ್ಲಿರುವ ವೈರಸ್ಸು ಉಸಿರಿನೊಡನೆ ಒಳಹೋಗಿ ಕೆಲವು ಜೀವಕೋಶಗಳಲ್ಲಿ ಮಾತ್ರ ತಡೆ ತೆಗೆಯುತ್ತದೆ. ಕ್ಯಾನ್ಸರ್ ಯಾವ ದಿನ ಶುರುವಾಯಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಸಾಧ್ಯವಾಯಿತು. ಕೆಲವು ವಾರಕ್ಕೆ ಗಾಳಿಚೀಲದ ಗೋಡೆಯ ಜೀವಕೋಶಗಳು ಒತ್ತೊತ್ತಾಗುತ್ತವೆ, ಆಮೇಲೆ ನಿರುಪದ್ರವಿ ಗಂಟು, ನಾಲ್ಕಾರು ತಿಂಗಳಿಗೆ ನಿಜವಾದ ಕ್ಯಾನ್ಸರ್. ಪಿ-53 ಎಂಬ ಕಾವಲು ಜೀನನ್ನೂ ತೆಗೆದುಬಿಟ್ಟರೆ ರೋಗ ಇನ್ನಷ್ಟು ಉಗ್ರ.

ಆದರೆ ಜೀನ್ ಕೆಟ್ಟರೆ ಸಾಕೇ? ಸಾಲದು ಎಂಬ ಸುಳಿವು 1940ರ ದಶಕದಲ್ಲೇ ಸಿಕ್ಕಿತ್ತು, ಅದೂ ನಮ್ಮ ಜಾಪಾಳದ ಎಣ್ಣೆಯಿಂದ. ಸಂಶೋಧಕ ಐಸಾಕ್ ಬೆರೆನ್‌ಬ್ಲಮ್ ಚಿಟ್ಟಿಲಿಯ ಚರ್ಮಕ್ಕೆ ಕ್ಯಾನ್ಸರ್‌ಕಾರಕವನ್ನು ಸ್ವಲ್ಪವೇ ಹಚ್ಚಿದಾಗ ಹೆಚ್ಚೇನೂ ಆಗಲಿಲ್ಲ; ಅದೇ ಜಾಗಕ್ಕೆ ಜಾಪಾಳದ ಎಣ್ಣೆ ಮೇಲಿಂದ ಮೇಲೆ ಸವರಿ ಉರಿ ಎಬ್ಬಿಸಿದಾಗ ಗಡ್ಡೆಗಳೆದ್ದವು. ಹೊಲದಲ್ಲಿ ಬಿದ್ದ ಕಳೆಬೀಜ ಮಳೆಗಾಗಿ ಕಾದಂತೆ, ಕೆಟ್ಟ ಜೀವಕೋಶ ಉರಿಯೂತಕ್ಕಾಗಿ ಕಾಯುತ್ತದೆ. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ಶ್ವಾಸಕೋಶಕ್ಕೆ ಅನ್ವಯಿಸಿ ತೋರಿಸಿತು. ಕ್ಯಾನ್ಸರ್ ಇಲ್ಲದ ಶ್ವಾಸಕೋಶದ ಮಾದರಿಗಳಲ್ಲೂ ಶೇ. 18ರಲ್ಲಿ ಇಜಿಎಫ್‌ಆರ್ ಜೀನ್, ಶೇ. 53ರಲ್ಲಿ ಕೆ-ರಾಸ್ ಜೀನ್ ಕ್ಯಾನ್ಸರಿಗೆ ಒಯ್ಯುವ ರೀತಿಯಲ್ಲಿ ಕೆಟ್ಟಿತ್ತು. ಕೆಟ್ಟ ಜೀನ್ ಹೊತ್ತ ಚಿಟ್ಟಿಲಿಗಳಿಗೆ ನಗರದ ಮಾಲಿನ್ಯದ ಸೂಕ್ಷ್ಮ ಕಣಗಳನ್ನು ಶ್ವಾಸಕೋಶಕ್ಕೆ ಬಿಟ್ಟಾಗ ಗಡ್ಡೆ ಹೆಚ್ಚಿದವು. ಮಧ್ಯದ ದಲ್ಲಾಳಿ ಐಎಲ್-1 ಬೀಟಾ ಎಂಬ ಉರಿಯೂತದ ಸಂಕೇತ. ಅದಕ್ಕೆ ಅಡ್ಡಗಾಲು ಹಾಕಿದರೆ ಗಡ್ಡೆ ಕಡಿಮೆ.

ಇಳಕಲ್ಲಿನ ಕಲ್ಲುಧೂಳು ಇಲ್ಲಿಗೆ ಬಂದು ಕೂಡಿಕೊಳ್ಳುತ್ತದೆ. ಗಾಳಿಚೀಲದಲ್ಲಿ ಬಿದ್ದ ಕಣವನ್ನು ನುಂಗಿ ಚೊಕ್ಕ ಮಾಡುವುದು ಮ್ಯಾಕ್ರೋಫೇಜ್ ಜೀವಕೋಶಗಳ ಕೆಲಸ. ಸಿಲಿಕಾ ನುಂಗಿದ ಮ್ಯಾಕ್ರೋಫೇಜ್ ಅದನ್ನು ಅರಗಿಸಲಾರದೆ ಅದೇ ಐಎಲ್-1 ಬೀಟಾವನ್ನು ಹೊರಚೆಲ್ಲುತ್ತದೆ ಎಂದು 2008ರಲ್ಲೇ ತಿಳಿದಿತ್ತು. ಕಣ ಸವೆಯುವುದಿಲ್ಲ, ಒಂದು ಜೀವಕೋಶ ಸತ್ತರೆ ಮತ್ತೊಂದು ನುಂಗುತ್ತದೆ. ಇದು ಕೆಲಸ ಬಿಟ್ಟ ಮೇಲೂ ನಿಲ್ಲುವುದಿಲ್ಲ.

ರಾಮಥಾಳದ ಹೊಲದ ಧೂಳು ಏಕೆ ಬೇರೆ ಎಂಬುದಕ್ಕೂ ಇಲಿಯೇ ಉತ್ತರ ಕೊಟ್ಟಿದೆ. ಅಮೆರಿಕದ ಮಾರ್ಗನ್‌ಟೌನಿನ ಕಾರ್ಮಿಕ ಆರೋಗ್ಯ ಪ್ರಯೋಗಾಲಯದಲ್ಲಿ ಹೊಸದಾಗಿ ಒಡೆದ ಕ್ವಾರ್ಟ್ಜ್ ಪುಡಿಯನ್ನೂ ಹಳೆಯ ಪುಡಿಯನ್ನೂ ಇಲಿಗಳಿಗೆ ಉಸಿರಾಡಿಸಿ ನೋಡಿದರು. ಹೊಸದು ಹೆಚ್ಚು ಉರಿಯೂತ ಎಬ್ಬಿಸಿತು. ಈಗಷ್ಟೇ ಒಡೆದ ಮೇಲ್ಮೈಯಲ್ಲಿ ಚಟುವಟಿಕೆಯ ರಾಸಾಯನಿಕ ತುದಿಗಳಿರುತ್ತವೆ. ಹೊತ್ತು ಕಳೆದಂತೆ ಅವು ತಣ್ಣಗಾಗುತ್ತವೆ. ಜೇಡಿಯ ಲೇಪ ಇದ್ದರೆ ವಿಷ ಮತ್ತೂ ಕಡಿಮೆ. ಎರೆಮಣ್ಣಿನ ಕಣ ಯುಗಯುಗದಿಂದ ಸವೆದು ಜೇಡಿ ಮೆತ್ತಿಕೊಂಡದ್ದು, ಗರಗಸದ ಬಾಯಿಂದ ಹಾರಿದ್ದು ಆ ಕ್ಷಣದ್ದು. ಹಾಗಾಗಿ ಕಲ್ಲು ಕೊರೆಯುವಾಗ, ಕೊಯ್ಯುವಾಗ ಅಲ್ಲೇ ನೀರು ಬಿಟ್ಟು ಧೂಳನ್ನು ಹುಟ್ಟಿದ ಕಡೆಯೇ ಕೂರಿಸುವುದು ಮೂಗಿಗೆ ಟವೆಲ್ ಸುತ್ತಿಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಟವೆಲ್ಲಿನ ನೇಯ್ಗೆ ಇಷ್ಟು ಸಣ್ಣ ಕಣವನ್ನು ತಡೆಯಲಾರದು.

ಇಲಿಯಲ್ಲಿ ಫಲಿಸಿದ್ದೆಲ್ಲ ಮನುಷ್ಯನಲ್ಲೂ ಔಷಧಿಯಾಗುತ್ತದೆ ಎಂದೇನಿಲ್ಲ. ಐಎಲ್-1 ಬೀಟಾ ತಡೆಯುವ ಕೆನಕಿನುಮಾಬ್ ಎಂಬ ಔಷಧಿಯನ್ನು ಹೃದಯಾಘಾತವಾದ ಸುಮಾರು 10,000 ಜನರಿಗೆ ಹೃದಯದ ಸಲುವಾಗಿ ಪರೀಕ್ಷಿಸಿದಾಗ, ಅದನ್ನು ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಇದ್ದದ್ದು 2017ರಲ್ಲಿ ಅಚಾನಕ್ಕಾಗಿ ಕಂಡಿತು. ಆಸೆಯಿಂದ ಅದನ್ನೇ ಕ್ಯಾನ್ಸರ್ ಆಗಲೇ ಬಂದವರಿಗೆ ಕೊಟ್ಟ ಪ್ರಯೋಗಗಳು ವಿಫಲವಾದವು. ಮೊದಲ ಹಂತದಲ್ಲಿ ಕೆಲಸಕ್ಕೆ ಬರುವ ಮದ್ದು ಕೊನೆಯ ಹಂತಕ್ಕೆ ನಾಟದಿರಬಹುದು.

ಇನ್ನೊಂದು ಸುದ್ದಿ ಇಳಕಲ್ಲಿನ ಕಲ್ಲಿನವರಿಗೆ ನೇರವಾಗಿ ಸಂಬಂಧಿಸಿದ್ದು. ಅಡುಗೆಮನೆಯ ಕಟ್ಟೆಗೆ ಈಗ ಗ್ರಾನೈಟಿನ ಬದಲು ಕಾರ್ಖಾನೆಯಲ್ಲಿ ಕ್ವಾರ್ಟ್ಜ್ ಪುಡಿಗೆ ಅಂಟು ಬೆರೆಸಿ ಮಾಡಿದ ಕೃತಕ ಕಲ್ಲು ಬರುತ್ತಿದೆ; ಅನೇಕ ಬಗೆಗಳಲ್ಲಿ ಸಿಲಿಕಾ ಶೇ. 90ನ್ನೂ ದಾಟುತ್ತದೆ. ಅದನ್ನು ಕೊಯ್ಯುವ ಕೆಲಸಗಾರರಲ್ಲಿ ಸಿಲಿಕೋಸಿಸ್ ಹೆಚ್ಚಿದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಅಲ್ಲಿ ಕಾಯಿಲೆ ಬಿದ್ದವರಲ್ಲಿ ಎಷ್ಟೋ ಮಂದಿ ಇನ್ನೂ ದುಡಿಯುವ ವಯಸ್ಸಿನವರು. ಅವರಲ್ಲಿ ಕ್ಯಾನ್ಸರ್ ಎಷ್ಟು ಜನಕ್ಕೆ ಬಂದೀತು ಎಂಬ ಲೆಕ್ಕ ಕೈಗೆ ಸಿಗಲು ಇನ್ನೆರಡು ದಶಕವಾದರೂ ಬೇಕು.