ಮಳೆ ನಕ್ಷತ್ರದ ಹೆಸರಿನ ವಿಮಾನಗಳು

ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರ್ದ್ರಾ. ಮೂಡುಬಿದಿರೆ ಹತ್ತಿರದ ಶಿರ್ತಾಡಿಯ ಕಡೆ ಗೋಡೆಗೆ ಪಂಚಾಂಗ ತೂಗುಹಾಕಿದ ಮನೆಗಳಲ್ಲಿ ಇದು ಬೇಸಗೆ ಮುಗಿದು ಮಳೆಗಾಲ ಹಿಡಿಯುವವರೆಗಿನ ಲೆಕ್ಕ. ಇದೇ ಹೆಸರುಗಳನ್ನು ನಮ್ಮ ದೇಶದಲ್ಲಿ ಎಂಜಿನ್ ಇಲ್ಲದ ವಿಮಾನಗಳಿಗೂ, ಅಂದರೆ ಗ್ಲೈಡರುಗಳಿಗೂ ಇಟ್ಟಿದ್ದಾರೆ. ನಾಗರಿಕ ವಿಮಾನಯಾನ ಇಲಾಖೆಯ ಎಂಜಿನಿಯರುಗಳು ವಿನ್ಯಾಸ ಮಾಡಿದ ಅಶ್ವಿನಿ 1958ರಲ್ಲಿ ಹಾರಿತು. 1961ರಲ್ಲಿ ರೋಹಿಣಿ, 1963ರಲ್ಲಿ ಕೃತ್ತಿಕೆಯನ್ನು ನೆನಪಿಸುವ ಕಾರ್ತಿಕ್, 1979ರಲ್ಲಿ ಆರ್ದ್ರಾ. ಭರಣಿ, ಮೃಗಶಿರಾ ಕೂಡ ನಡುವೆ ಬಂದುಹೋದವು. ಗುರು, ಶಿಷ್ಯ ಅಕ್ಕಪಕ್ಕ ಕೂರುವಂತಿದ್ದ ರೋಹಿಣಿಯಲ್ಲಿ ಎಷ್ಟೋ ಮಂದಿ ಮೊದಲ ಸಲ ನೆಲ ಬಿಟ್ಟರು. ಆರ್ದ್ರಾ ಎನ್‌ಸಿಸಿಯ ಕೆಡೆಟ್‌ಗಳ ಪಾಲಿಗೆ ಬಂತು.

ಅಷ್ಟೆಲ್ಲ ಆದರೂ ಗ್ಲೈಡರ್ ಎಂದರೆ ನಮ್ಮ ಹುಡುಗರ ಕಣ್ಣೆದುರು ಏನೂ ಬರುವುದಿಲ್ಲ. ಪ್ಯಾರಾಗ್ಲೈಡಿಂಗ್ ಗೊತ್ತು, ಡ್ರೋನ್ ಗೊತ್ತು. ಗ್ಲೈಡರ್ ಗೊತ್ತಿಲ್ಲ. ಕಾಣದ್ದನ್ನು ಯಾರು ಬಯಸುತ್ತಾರೆ? ಈಚಿನ ವರ್ಷಗಳಲ್ಲಿ ಗ್ಲೈಡರ್ ಪೈಲಟ್‌ಗಳೇ ಕ್ಯಾಮೆರಾ ಹಿಡಿದಿರುವುದು ಈ ಕಾರಣಕ್ಕೆ.

ಮೊದಲು ಹಾರಾಟದ ವಿಷಯ. ಗ್ಲೈಡರ್ ಸದಾ ಕೆಳಕ್ಕೇ ಜಾರುತ್ತಿರುತ್ತದೆ, ಆದರೆ ಬಹಳ ನಿಧಾನ. ತರಬೇತಿಯಲ್ಲಿ ಹೆಸರು ಮಾಡಿದ ಸೂಪರ್ ಬ್ಲಾನಿಕ್ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 28 ಕಿಲೋಮೀಟರ್ ಮುಂದೆ ಹೋಗಬಲ್ಲದು. ಸ್ಪರ್ಧೆಯ ಗ್ಲೈಡರುಗಳು 50 ದಾಟುತ್ತವೆ. ಮೇಲಕ್ಕೆ ಒಯ್ಯುವುದು ವಿಂಚ್: ಮೈದಾನದ ಆಚೆ ತುದಿಯಲ್ಲಿ ನಿಂತ ಯಂತ್ರವೊಂದು ಉದ್ದನೆಯ ಹಗ್ಗವನ್ನು ರಭಸದಿಂದ ಸುತ್ತಿಕೊಳ್ಳುತ್ತದೆ, ಗ್ಲೈಡರ್ ಗಾಳಿಪಟದಂತೆ ಏರುತ್ತದೆ, ಮುನ್ನೂರು ನಾನೂರು ಮೀಟರ್ ಎತ್ತರದಲ್ಲಿ ಹಗ್ಗ ಕಳಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಏನೂ ಸಿಗದಿದ್ದರೆ ಐದಾರು ನಿಮಿಷದಲ್ಲಿ ನೆಲಕ್ಕೆ ವಾಪಸ್.

ಸಿಗಬೇಕಾದದ್ದು ಏರುವ ಗಾಳಿ. ಅದನ್ನು ತಿಳಿಯಲು ಶಿರ್ತಾಡಿಯವರು ದೂರ ಹೋಗಬೇಕಿಲ್ಲ. ಬಿಸಿಲು ಏರಿದಂತೆ ಮುರಕಲ್ಲಿನ ಪದವು ಬೇಗ ಕಾಯುತ್ತದೆ, ನೀರು ನಿಂತ ಗದ್ದೆಬೈಲು ತಣ್ಣಗೇ ಇರುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಅದರೊಳಗೆ ಹೊಕ್ಕ ಗರುಡ ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಚುಕ್ಕೆಯಾಗುತ್ತದೆ. ಇದಕ್ಕೇ ಪೈಲಟ್‌ಗಳು ಥರ್ಮಲ್ ಎನ್ನುವುದು. ಗ್ಲೈಡರ್ ಪೈಲಟ್ ಹಕ್ಕಿ ಕಂಡ ಕಡೆಗೆ ತಿರುಗಿಸುತ್ತಾನೆ, ಹತ್ತಿಯಂಥ ಮೋಡದ ಕೆಳಗೆ ಸೇರುತ್ತಾನೆ. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂಬುದನ್ನು ವೇರಿಯೋಮೀಟರ್ ಎಂಬ ಸಾಧನ ಪೀಂ ಪೀಂ ಎಂದು ಹೇಳುತ್ತದೆ. ವಿಮಾನ ಓರೆಯಾಗಿ ಜಾರುತ್ತಿಲ್ಲವಷ್ಟೇ ಎಂದು ತಿಳಿಯಲು ಎದುರಿನ ಗಾಜಿಗೆ ಅಂಟಿಸಿದ ಒಂದು ತುಂಡು ಉಣ್ಣೆ ನೂಲು ಸಾಕು. ಕೋಟಿ ಬೆಲೆಯ ಗ್ಲೈಡರಿನಲ್ಲೂ ಆ ನೂಲು ಇರುತ್ತದೆ. ನನಗೆ ಈ ವಿದ್ಯೆಯ ಮೇಲೆ ಪ್ರೀತಿ ಹುಟ್ಟಿದ್ದು ಆ ನೂಲಿನಿಂದ.

ಕರ್ನಾಟಕಕ್ಕೂ ಗ್ಲೈಡರಿಗೂ ಹಳೆಯ ನಂಟಿದೆ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ರೂಪುಗೊಂಡ ಮೊದಲ ಸ್ವಂತ ವಿನ್ಯಾಸ ಯುದ್ಧವಿಮಾನವಲ್ಲ, ಹತ್ತು ಸೈನಿಕರನ್ನು ಹೊರುವ ಜಿ-1 ಎಂಬ ಗ್ಲೈಡರ್. ಅದರ ವಿನ್ಯಾಸಕಾರ ಡಾ. ವಿ.ಎಂ. ಘಾಟಗೆ. 1942ರ ಕೊನೆಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರೂ ಅವರೇ, 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವೂ ಅವರದೇ ಮುಂದಾಳತ್ವದ್ದು. ಘಾಟಗೆ ಓದಿದ್ದು ಗ್ಲೈಡರುಗಳಿಗೆ ಹೆಸರಾದ ಜರ್ಮನಿಯ ಗಾಟಿಂಗೆನ್‌ನಲ್ಲಿ. ಮೊದಲ ಮಹಾಯುದ್ಧ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ಎಂಜಿನ್ ವಿಮಾನಗಳ ವಿಷಯದಲ್ಲಿ ಕೈಕಟ್ಟಿ ಹಾಕಿದಾಗ ಅಲ್ಲಿನ ವಿದ್ಯಾರ್ಥಿಗಳು 1920ರಿಂದ ವಾಸರ್‌ಕುಪ್ಪೆ ಗುಡ್ಡದ ಮೇಲೆ ಎಂಜಿನ್ ಇಲ್ಲದೆಯೇ ಹಾರಲು ಹೊರಟರು. ಜರ್ಮನಿಯಲ್ಲಿ ಇಂದಿಗೂ 14 ವರ್ಷದ ಹುಡುಗ ಹುಡುಗಿಯರು ಒಬ್ಬರೇ ಗ್ಲೈಡರ್ ಹಾರಿಸಬಹುದು.

ಈಗ ಕ್ಯಾಮೆರಾಕ್ಕೆ ಬರೋಣ. ಗ್ಲೈಡಿಂಗನ್ನು ತೆರೆಗೆ ತಂದವರು ಹಿಂದೆಯೂ ಇದ್ದರು. 1967ರಲ್ಲಿ ಡಿಸ್ನಿಯವರು ಟಿವಿಗೆ ಮಾಡಿದ ‘ದಿ ಬಾಯ್ ಹೂ ಫ್ಲ್ಯೂ ವಿತ್ ಕಾಂಡೋರ್ಸ್’ ಗ್ಲೈಡರ್ ಕಲಿಯುವ ಹುಡುಗನೊಬ್ಬನ ಕತೆ. 1971ರಲ್ಲಿ ರಾಬರ್ಟ್ ಡ್ರೂ ಅಮೆರಿಕದ ಗ್ಲೈಡಿಂಗ್ ಸ್ಪರ್ಧೆಯ ಮೇಲೆ ‘ದಿ ಸನ್‌ಶಿಪ್ ಗೇಮ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಆಗ ಅದಕ್ಕೊಂದು ತಂಡವೇ ಬೇಕಿತ್ತು. ಈಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕ್ಯಾಮೆರಾ ಸಾಕು; ಪೈಲಟ್‌ನ ಭುಜದ ಹಿಂದೊಂದು, ರೆಕ್ಕೆಯ ತುದಿಗೊಂದು, ಬಾಲಕ್ಕೊಂದು. ಜರ್ಮನಿಯ ಸ್ಟೀಫನ್ ಲ್ಯಾಂಗರ್‌ರಂಥವರ ಯೂಟ್ಯೂಬ್ ವಿಡಿಯೋಗಳನ್ನು ಗ್ಲೈಡರನ್ನೇ ಕಾಣದ ಊರಿನವರೂ ನೋಡುತ್ತಾರೆ.

ಆದರೆ ಇದರಲ್ಲಿ ಒಂದು ತೊಡಕಿದೆ. ಗ್ಲೈಡಿಂಗಿನ ಜೀವಾಳವಾದ ಏರುವ ಗಾಳಿ ಕ್ಯಾಮೆರಾಕ್ಕೆ ಬೀಳುವುದೇ ಇಲ್ಲ. ಬರಿದೇ ಚಿತ್ರೀಕರಿಸಿದರೆ ಒಂದು ರೆಕ್ಕೆ, ಒಂದಿಷ್ಟು ನೆಲ, ಸುತ್ತು, ಮತ್ತೆ ಸುತ್ತು. ಎರಡು ನಿಮಿಷಕ್ಕೆ ಆಕಳಿಕೆ ಬರುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಆ ಮೋಡ ಬಿಟ್ಟು ಈ ಮೋಡಕ್ಕೆ ಯಾಕೆ ಹೋದೆ, ಎತ್ತರ ಎಷ್ಟು ಉಳಿದಿದೆ, ಇಳಿಯಲೇಬೇಕಾದರೆ ಯಾವ ಹೊಲ ಎಂದು ಹಾರುತ್ತಲೇ ಮಾತಾಡುತ್ತಾರೆ. ಐದು ಗಂಟೆಯ ಹಾರಾಟ ಇಪ್ಪತ್ತು ನಿಮಿಷಕ್ಕೆ ಇಳಿದರೂ ಆ ಅಳುಕು ಉಳಿದಿರುತ್ತದೆ, ನೋಡುವವರು ಕುರ್ಚಿಯ ತುದಿಗೆ ಬರುತ್ತಾರೆ. ಕ್ಯಾಮೆರಾವನ್ನು ನೆಲದಲ್ಲಿದ್ದಾಗಲೇ ಭದ್ರವಾಗಿ ಕೂರಿಸಿರಬೇಕು, ಹಾರುವಾಗ ಅದನ್ನು ಮುಟ್ಟಬಾರದು. ಪೈಲಟ್‌ನ ಕಣ್ಣು ಹೊರಗೇ ಇರಬೇಕು. ಲೈಕಿಗಾಗಿ ಇದನ್ನು ಮರೆಯುವವನು ಪೈಲಟ್ ಅಲ್ಲ.

ಹೆಚ್ಚಿನ ವಿಡಿಯೋಗಳಲ್ಲಿ ನನಗೆ ಕಾಣುವ ಕೊರತೆ ಬೇರೆ. ಅವು ಆಕಾಶವನ್ನಷ್ಟೇ ತೋರಿಸುತ್ತವೆ. ಒಬ್ಬ ಹಾರಬೇಕಾದರೆ ಕೆಳಗೆ ಒಬ್ಬ ರೆಕ್ಕೆ ಹಿಡಿದು ಓಡಬೇಕು, ಒಬ್ಬ ವಿಂಚ್ ನಡೆಸಬೇಕು, ಒಬ್ಬ ಹಗ್ಗ ಎಳೆದು ತರಬೇಕು, ಎಲ್ಲರೂ ಸೇರಿ ವಿಮಾನವನ್ನು ತಳ್ಳಿಕೊಂಡು ಬರಬೇಕು. ಹುಡುಗರನ್ನು ಹಿಡಿದಿಡುವುದು ಈ ಒಡನಾಟ. ಅದನ್ನು ತೋರಿಸದ ವಿಡಿಯೋದಿಂದ ನೋಡುಗರು ಹೆಚ್ಚಬಹುದು, ಹಾರುವವರು ಹೆಚ್ಚಲಾರರು.

ಹಾಗಾದರೆ ಶಿರ್ತಾಡಿಯಲ್ಲೇ ಒಂದು ಗ್ಲೈಡಿಂಗ್ ಮೈದಾನ ಆಗಬಾರದೇ? ಆಗದು. ಕಡಲಗಾಳಿ ಒಳನುಗ್ಗಿದರೆ ಥರ್ಮಲ್‌ಗಳು ಸೊರಗುತ್ತವೆ, ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಬಿಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎತ್ತರ ಕಳೆದುಕೊಂಡವನಿಗೆ ಇಳಿಯಲು ಕೆಳಗೆ ಅಡಿಕೆ ತೋಟ, ರಬ್ಬರ್, ಗುಡ್ಡ. ಚಪ್ಪಟೆ ಹೊಲ ಎಲ್ಲಿದೆ? ಘಟ್ಟದ ಮೇಲಿನ ಬಯಲುಸೀಮೆಯೇ ಇದಕ್ಕೆ ತಕ್ಕ ಜಾಗ. ನಮ್ಮ ಕಡೆಯಿಂದ ಕಲಿಯಲು ಹೊರಟವರಿಗೆ ಮೊದಲು ನೆನಪಾಗುವ ಹೆಸರು ಪುಣೆಯ ಹಡಪ್ಸರ್. ನಾಗರಿಕ ವಿಮಾನಯಾನ ನಿರ್ದೇಶನಾಲಯದ ಗ್ಲೈಡಿಂಗ್ ಕೇಂದ್ರ ಅಲ್ಲಿನದು. ಕಾನ್ಪುರದ ಐಐಟಿಗೂ ತನ್ನದೇ ರನ್‌ವೇ, ಗ್ಲೈಡರುಗಳಿವೆ.

ಊರ ಹತ್ತಿರ ಇರುವುದನ್ನೂ ಹೇಳಬೇಕು. ಮೂಡುಬಿದಿರೆಯ ಬಡಗಮಿಜಾರಿನ ಎಂಐಟಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಏರೋನಾಟಿಕಲ್ ವಿಭಾಗವಿದೆ. ಮಂಗಳೂರಿನಲ್ಲಿ ಎನ್‌ಸಿಸಿ ವಾಯುವಿಭಾಗದ ಘಟಕವಿದೆ. ಎನ್‌ಸಿಸಿಯಲ್ಲಿ ಇಂದು ಗ್ಲೈಡರಿನ ಜಾಗಕ್ಕೆ ಮೈಕ್ರೋಲೈಟ್ ಬಂದಿದೆ, ಆದರೂ ಕೆಡೆಟ್‌ಗೆ ಹಾರುವ ಭಾಗ್ಯ ಸಿಗುವ ಅಗ್ಗದ ದಾರಿ ಅದೇ. ಬಾಲ್ಸಾ ಮರದಲ್ಲಿ ಸಣ್ಣ ಗ್ಲೈಡರ್ ಮಾಡಿ ಶಾಲೆಯ ಮೈದಾನದಿಂದ ಬಿಡುವುದಕ್ಕಂತೂ ಯಾರ ಪರವಾನಗಿಯೂ ಬೇಡ. ಅದನ್ನೇ ಮೊಬೈಲ್‌ನಲ್ಲಿ ಹಿಡಿದು, ಅದು ಯಾಕೆ ಬಿತ್ತು ಎಂದು ಮಕ್ಕಳೇ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿದರೆ ಅದೂ ಒಂದು ಗ್ಲೈಡಿಂಗ್ ಚಿತ್ರವೇ.

ಗ್ಲೈಡರ್ ಕಲಿಯುವ ವಿದ್ಯಾರ್ಥಿ ಪರವಾನಗಿಗೆ, ವಯಸ್ಸಿನ ಮಟ್ಟಿಗೆ, 16 ವರ್ಷ ತುಂಬಿದರೆ ಸಾಕು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿರುವ ಮನೆಯವರು ಕಾಲೇಜಿಗೆ ಅರ್ಜಿ ಹಾಕುವಾಗ ಅಲ್ಲಿ ಎನ್‌ಸಿಸಿಯ ವಾಯುವಿಭಾಗ ಇದೆಯೇ ಎಂದು ಒಮ್ಮೆ ಕೇಳಿ. ಪುಣೆಗೆ ಹೋಗಿ ನೋಡುವ ಮನಸ್ಸಿದ್ದವರು ಮಳೆಗಾಲ ಕಳೆದ ಮೇಲೆ, ಹಾರಾಟ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ.